ನೆಟ್ ಹೋದ ಹೊತ್ತು, ಹೋದ ಜಾಗ: ನೆಟ್‌ವರ್ಕ್ ಸ್ಥಿತಿಯ ಬದಲಾವಣೆಗಳನ್ನು ಟರ್ಮಿನಲ್‌ನಲ್ಲೇ ಗಮನಿಸುವ ಸಮಗ್ರ ಮಾರ್ಗದರ್ಶಿ

ಮಲ್ಪೆ ಬಂದರಿನ ಸಮೀಪದ ಒಂದು ಐಸ್ ಪ್ಲಾಂಟಿನ ಕಚೇರಿಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಜೂನ್ ಮತ್ತು ಜುಲೈ ತಿಂಗಳ ಟ್ರಾಲಿಂಗ್ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಅಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಬಿಡುವೆಂಬುದಿಲ್ಲ. ಸರಿಯಾಗಿ ಆ ದಿನಗಳಲ್ಲೇ ದಿನಕ್ಕೆ ನಾಲ್ಕೈದು ಸಲ ಅಲ್ಲಿಂದ ಫೋನು ಬರುತ್ತಿತ್ತು: “ನೆಟ್ ಹೋಯಿತು ಮಾರಾಯ್ರೆ.” ಉಡುಪಿಯಿಂದ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಇಂಟರ್ನೆಟ್ ಕೊಟ್ಟವರು ತಮ್ಮ ಲೈನು ಸರಿಯಿದೆ ಎನ್ನುತ್ತಿದ್ದರು, ಕಚೇರಿಯವರು ಲೈನೇ ಕೆಟ್ಟದ್ದು ಎನ್ನುತ್ತಿದ್ದರು, ಇಬ್ಬರ ಕೈಯಲ್ಲೂ ಪುರಾವೆ ಇರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ.

“ನೆಟ್ ಹೋಯಿತು” ಎಂಬ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಘಟನೆಗಳು ಅಡಗಿರುತ್ತವೆ: ಕೇಬಲ್ಲಿನ ಸಂಪರ್ಕ ತಪ್ಪಿರಬಹುದು, ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಹೋಗಿರಬಹುದು, ರೂಟರ್ ಉತ್ತರ ಕೊಡುವುದನ್ನು ನಿಲ್ಲಿಸಿರಬಹುದು, ಇಲ್ಲವೇ ರೂಟರಿನಿಂದ ಆಚೆಗೆ ದಾರಿ ಕಡಿದಿರಬಹುದು. ಯಾವುದು ಎಷ್ಟು ಹೊತ್ತಿಗೆ ತಪ್ಪಿತು ಎಂಬುದು ಗೊತ್ತಾದರೆ ಅರ್ಧ ದುರಸ್ತಿ ಮುಗಿದಂತೆ. ಅದನ್ನು ತಿಳಿಯುವ ಸಲಕರಣೆ ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಮೊದಲೇ ಇದೆ. ಹಣ ಕೊಟ್ಟು ಏನನ್ನೂ ತರಬೇಕಾಗಿಲ್ಲ.

ಈ ಬರಹದಲ್ಲಿ ಕಮಾಂಡುಗಳನ್ನು ಉಚ್ಚರಿಸುವಂತೆ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಎಂದರೆ ಕಮಾಂಡು ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಅದನ್ನು ಪ್ರತ್ಯೇಕವಾಗಿ ಹೇಳುತ್ತೇನೆ.

ಕೇಳುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ

ನಮ್ಮಲ್ಲಿ ಬಹಳ ಜನರಿಗೆ ರೂಢಿಯಾಗಿರುವುದು ಇಫ್‌ಕಾನ್ಫಿಗ್ ಅಥವಾ ಐಪಿ ಅಡ್ರೆಸ್ ಎಂಬ ಕಮಾಂಡು. ಅದು ಆ ಕ್ಷಣದ ಸ್ಥಿತಿಯನ್ನು ತೋರಿಸುತ್ತದೆ, ಅಷ್ಟೆ. ನೀವು ಅದನ್ನು ಓಡಿಸುವ ಒಂದು ನಿಮಿಷ ಮೊದಲು ಏನಾಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಪ್ರತಿ ಸೆಕೆಂಡಿಗೊಮ್ಮೆ ಅದನ್ನೇ ಓಡಿಸುವ ಸ್ಕ್ರಿಪ್ಟ್ ಬರೆಯುವವರೂ ಇದ್ದಾರೆ. ಆದರೆ ಎರಡು ನೋಟಗಳ ನಡುವೆ ಸಂಭವಿಸಿದ್ದು ಆಗಲೂ ಕಣ್ತಪ್ಪಿ ಹೋಗುತ್ತದೆ.

ಲಿನಕ್ಸ್ ಕರ್ನಲ್ (ಯಂತ್ರದ ಭಾಗಗಳನ್ನೆಲ್ಲ ನಡೆಸುವ ಒಳತಿರುಳು) ಮಾತ್ರ ನೆಟ್‌ವರ್ಕಿನಲ್ಲಿ ಏನಾದರೂ ಬದಲಾದ ಕೂಡಲೇ ತಾನಾಗಿಯೇ ಸಾರುತ್ತದೆ. ಈ ಸಾರುವಿಕೆ ನಡೆಯುವ ವ್ಯವಸ್ಥೆಗೆ ನೆಟ್‌ಲಿಂಕ್ ಎಂದು ಹೆಸರು. 2003ರಲ್ಲಿ ಬಂದ ಆರ್‌ಎಫ್‌ಸಿ 3549 ಎಂಬ ತಾಂತ್ರಿಕ ದಾಖಲೆ ಇದನ್ನು ವಿವರಿಸುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವಾಗ, ಹೋಗಬೇಕಾದವನು ಕಿವಿ ತೆರೆದು ನಿಂತಿದ್ದರೆ ಸಾಕಲ್ಲವೇ? ಹಾಗೆಯೇ ಇಲ್ಲಿ ನಾವು ಪದೇ ಪದೇ ಕೇಳಬೇಕಾಗಿಲ್ಲ, ಕಿವಿಗೊಟ್ಟು ಕುಳಿತರೆ ಸಾಕು. ಹಾಗೆ ಕಿವಿಗೊಡುವ ಕಮಾಂಡೇ ಐಪಿ ಮಾನಿಟರ್. ಇದು ಐಪಿರೂಟ್2 ಎಂಬ ಪ್ಯಾಕೇಜಿನ ಭಾಗವಾಗಿದ್ದು, ಉಬುಂಟು, ಡೆಬಿಯನ್, ಫೆಡೋರಾ ಮುಂತಾದವುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಓಡಿಸಲು ರೂಟ್ ಅಧಿಕಾರವೂ (ಯಂತ್ರದ ಮೇಲಿನ ಪೂರ್ಣ ಅಧಿಕಾರ; ಕಮಾಂಡಿನ ಮೊದಲು ಸುಡೊ ಎಂದು ಬರೆದು ಪಡೆಯುವಂಥದ್ದು) ಬೇಡ.

ಮೊದಲ ಹೆಜ್ಜೆ: ಕೇಬಲ್ಲಿನ ಸುದ್ದಿ

ಮೊದಲು ನಿಮ್ಮ ಯಂತ್ರದ ನೆಟ್‌ವರ್ಕ್ ಕಾರ್ಡಿನ ಹೆಸರನ್ನು ತಿಳಿದುಕೊಳ್ಳಬೇಕು.

ಐಪಿ -ಬಿಆರ್ ಲಿಂಕ್

ಎಂದು ಕೊಟ್ಟರೆ ಒಂದೊಂದು ಸಾಲಿನಲ್ಲಿ ಒಂದೊಂದು ಹೆಸರು ಬರುತ್ತದೆ. ಎಲ್‌ಒ ಎಂಬುದು ಯಂತ್ರ ತನ್ನೊಂದಿಗೆ ತಾನೇ ಮಾತಾಡುವ ದಾರಿ, ಅದನ್ನು ಬಿಟ್ಟುಬಿಡಿ. ಇಎನ್‌ಪಿ3ಎಸ್0 ಎಂಬ ರೀತಿಯದ್ದು ಕೇಬಲ್ಲಿನ ಕಾರ್ಡು, ಡಬ್ಲ್ಯೂಎಲ್ ಎಂದು ಶುರುವಾಗುವುದು ವೈಫೈ. ಈಗ ಹೀಗೆ ಕೊಡಿ:

ಐಪಿ -ಟಿಎಸ್ ಮಾನಿಟರ್ ಲಿಂಕ್

ಪರದೆಯ ಮೇಲೆ ಏನೂ ಬರುವುದಿಲ್ಲ. ಅದು ತಪ್ಪಲ್ಲ, ಬದಲಾವಣೆ ಆಗದಿದ್ದರೆ ಸುದ್ದಿಯೂ ಇಲ್ಲ. -ಟಿಎಸ್ ಎಂಬುದು ಪ್ರತಿ ಸುದ್ದಿಯ ಎದುರು ದಿನಾಂಕ ಮತ್ತು ಸಮಯವನ್ನು ಸೆಕೆಂಡಿನ ಹತ್ತು ಲಕ್ಷದ ಒಂದಂಶದವರೆಗೆ ಬರೆಯುತ್ತದೆ. ಇದನ್ನು ಬಿಟ್ಟು ಮಾನಿಟರ್ ಓಡಿಸಬೇಡಿ, ಹೊತ್ತು ಇಲ್ಲದ ಸುದ್ದಿಯಿಂದ ಪ್ರಯೋಜನ ಬಹಳ ಕಡಿಮೆ.

ಈಗ ಕೇಬಲ್ಲನ್ನು ಕೈಯಾರೆ ಕಿತ್ತು ನೋಡಿ. ಹೀಗೊಂದು ಸಾಲು ಬರುತ್ತದೆ:

2: ಇಎನ್‌ಪಿ3ಎಸ್0: <ನೋ-ಕ್ಯಾರಿಯರ್, ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್, ಅಪ್> ಎಂಟಿಯು 1500 … ಸ್ಟೇಟ್ ಡೌನ್

ಮತ್ತೆ ಚುಚ್ಚಿದಾಗ:

2: ಇಎನ್‌ಪಿ3ಎಸ್0: <ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್, ಅಪ್, ಲೋವರ್_ಅಪ್> ಎಂಟಿಯು 1500 … ಸ್ಟೇಟ್ ಅಪ್

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕೇಬಲ್ ಕಿತ್ತ ಮೇಲೂ ಕೋನಾವರಣದೊಳಗೆ ಅಪ್ ಎಂಬ ಪದ ಉಳಿದುಕೊಂಡೇ ಇದೆ. ಆ ಅಪ್ ಎಂಬುದಕ್ಕೆ “ಈ ಕಾರ್ಡನ್ನು ಬಳಸಲು ನಾವು ಅನುಮತಿ ಕೊಟ್ಟಿದ್ದೇವೆ” ಎಂದಷ್ಟೇ ಅರ್ಥ. ತಂತಿಯಲ್ಲಿ ನಿಜವಾಗಿ ಜೀವ ಇದೆಯೇ ಎಂಬುದನ್ನು ಹೇಳುವುದು ಲೋವರ್_ಅಪ್. ಅದು ಇದ್ದರೆ ಕೇಬಲ್ಲಿನ ಆಚೆ ತುದಿಯಲ್ಲಿ ಒಂದು ಯಂತ್ರ ಎಚ್ಚರವಿದೆ. ಅದು ಹೋಗಿ ನೋ-ಕ್ಯಾರಿಯರ್ ಬಂದರೆ ತಂತಿ, ಪಿನ್ನು, ಸ್ವಿಚ್ಚಿನ (ಹಲವು ಕೇಬಲ್ಲುಗಳನ್ನು ಕೂಡಿಸುವ ಪೆಟ್ಟಿಗೆಯ) ಪೋರ್ಟು ಅಥವಾ ಸ್ವಿಚ್ಚಿನ ಕರೆಂಟು, ಈ ನಾಲ್ಕರಲ್ಲಿ ಒಂದು ತಪ್ಪಿದೆ. ಯಾರಾದರೂ ಕಾರ್ಡನ್ನು ಕಮಾಂಡ್ ಕೊಟ್ಟು ನಿಲ್ಲಿಸಿದ್ದರೆ ಅಪ್ ಎಂಬ ಪದವೂ ಕಾಣೆಯಾಗುತ್ತದೆ. ಮನುಷ್ಯ ಮಾಡಿದ್ದಕ್ಕೂ ತಂತಿ ಮಾಡಿದ್ದಕ್ಕೂ ಇರುವ ಅಂತರ ಈ ಎರಡು ಪದಗಳಲ್ಲಿದೆ.

ಲೋವರ್_ಅಪ್ ಹೇಳುವುದು ನಿಮ್ಮ ಯಂತ್ರದಿಂದ ಮೊದಲ ಸ್ವಿಚ್ಚಿನವರೆಗಿನ ಕಥೆಯನ್ನು ಮಾತ್ರ ಎಂಬುದನ್ನೂ ನೆನಪಿಡಬೇಕು. ನಡುವೆ ಸ್ವಿಚ್ ಇದ್ದು, ಅದಕ್ಕೆ ಯುಪಿಎಸ್ ಇದ್ದು, ರೂಟರಿಗೆ ಇಲ್ಲದಿದ್ದರೆ, ಕರೆಂಟು ಹೋದಾಗ ರೂಟರ್ ಸತ್ತರೂ ನಿಮ್ಮ ಲಿಂಕ್ ಒಂದಿಷ್ಟೂ ಅಲುಗಾಡುವುದಿಲ್ಲ.

ಎಣಿಕೆಯ ಕಡತಗಳು, ಮತ್ತು ಕಿಲುಬು ಹಿಡಿದ ಒಂದು ಜಾಕ್

ನೀವು ಮಾನಿಟರ್ ಓಡಿಸದೆ ಇದ್ದಾಗಲೂ ಕರ್ನಲ್ ಒಂದು ಲೆಕ್ಕವನ್ನು ಇಟ್ಟಿರುತ್ತದೆ:

ಕ್ಯಾಟ್ /ಸಿಸ್/ಕ್ಲಾಸ್/ನೆಟ್/ಇಎನ್‌ಪಿ3ಎಸ್0/ಕ್ಯಾರಿಯರ್_ಚೇಂಜಸ್

ತಂತಿಯ ಜೀವ ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆಯಾಗಿ ಎಣಿಸಿದ ಒಟ್ಟು ಸಂಖ್ಯೆ ಇದು. ಅಲ್ಲೇ ಪಕ್ಕದಲ್ಲಿ ಕ್ಯಾರಿಯರ್_ಡೌನ್_ಕೌಂಟ್ ಎಂಬ ಕಡತ ಹೋದದ್ದನ್ನು ಮಾತ್ರ ಎಣಿಸುತ್ತದೆ. ಯಂತ್ರ ಶುರುವಾಗುವಾಗಲೇ ಒಂದೆರಡು ಬದಲಾವಣೆ ಸೇರಿರುತ್ತದೆಯಾದ್ದರಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ವ್ಯತ್ಯಾಸವನ್ನು ಬರೆದುಕೊಳ್ಳುವುದು ಸರಿಯಾದ ಕ್ರಮ. ಲಿಂಕ್ ಬಹಳ ವೇಗವಾಗಿ ಹೋಗಿ ಬಂದು ಮಾಡುತ್ತಿದ್ದರೆ ಕರ್ನಲ್ ಸುದ್ದಿಗಳನ್ನು ಸುಮಾರು ಸೆಕೆಂಡಿಗೆ ಒಮ್ಮೆ ಎಂಬಂತೆ ತಡೆದು ಕಳಿಸಬಹುದು. ಆದ್ದರಿಂದ ಮಾನಿಟರ್ ತೋರಿಸಿದ ಸಾಲುಗಳಿಗಿಂತ ಈ ಎಣಿಕೆ ಹೆಚ್ಚಿದ್ದರೆ ಎಣಿಕೆಯನ್ನೇ ನಂಬಿ.

ಐಸ್ ಪ್ಲಾಂಟಿನ ಕಚೇರಿಯಲ್ಲಿ ನಾನು ಮೊದಲು ನೋಡಿದ್ದು ಈ ಕಡತವನ್ನು. ಬೆಳಿಗ್ಗೆ 2 ಇದ್ದದ್ದು ಸಂಜೆ ಐದಕ್ಕೆ 46 ಆಗಿತ್ತು. ಅಂದರೆ ದಿನದಲ್ಲಿ ಇಪ್ಪತ್ತೆರಡು ಸಲ ತಂತಿ ಸತ್ತು ಬದುಕಿತ್ತು, ಕಚೇರಿಯವರಿಗೆ ಅದರಲ್ಲಿ ತಿಳಿದದ್ದು ನಾಲ್ಕೋ ಐದೋ. ಮಾನಿಟರಿನ ಸಾಲುಗಳಲ್ಲಿ ಹೆಚ್ಚಿನವು ಮೂರರಿಂದ ನಾಲ್ಕು ಸೆಕೆಂಡಿನ ಜೋಡಿಗಳು: 15:07:41ಕ್ಕೆ ನೋ-ಕ್ಯಾರಿಯರ್, 15:07:44ಕ್ಕೆ ಲೋವರ್_ಅಪ್. ಗಿಗಾಬಿಟ್ ಲಿಂಕಿನ ಎರಡು ತುದಿಗಳು ವೇಗದ ಬಗ್ಗೆ ಮತ್ತೆ ಒಪ್ಪಂದಕ್ಕೆ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ, ಹಾಗಾಗಿ ಈ ಅವಧಿ ನೋಡಿದೊಡನೆ ತಂತಿಯ ಸಂಪರ್ಕ ಕ್ಷಣಮಾತ್ರಕ್ಕೆ ತಪ್ಪುತ್ತಿದೆ ಎಂದು ಊಹಿಸಬಹುದಿತ್ತು. ಕರೆಂಟು ಹೋಗಿ ರೂಟರ್ ಮತ್ತೆ ಎದ್ದು ನಿಲ್ಲುವುದಾಗಿದ್ದರೆ ಇಷ್ಟು ಬೇಗ ಮುಗಿಯುವುದಿಲ್ಲ.

ಇದಕ್ಕೆ ಜೊತೆಯಾಗಿ ಇನ್ನೊಂದು ಪರೀಕ್ಷೆ ಮಾಡಿದೆ:

ಸುಡೊ ಈಥ್‌ಟೂಲ್ ಇಎನ್‌ಪಿ3ಎಸ್0

ಸ್ಪೀಡ್ ಎಂಬ ಸಾಲಿನಲ್ಲಿ 1000 ಇರಬೇಕಾದಲ್ಲಿ 100 ಎಂದಿತ್ತು. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕು ಜೊತೆ ತಂತಿಗಳೂ ಬೇಕು, 100 ಮೆಗಾಬಿಟ್‌ಗೆ ಎರಡು ಜೊತೆ ಸಾಕು. ಒಂದು ಜೊತೆ ಕೈಕೊಟ್ಟಾಗ ಎಷ್ಟೋ ಕಾರ್ಡುಗಳು ಹೀಗೆ ಕೆಳಗಿಳಿದು ಕೆಲಸ ಮುಂದುವರಿಸುತ್ತವೆ. ಗೋಡೆಯ ಜಾಕನ್ನು ಬಿಚ್ಚಿ ಟಾರ್ಚು ಹಿಡಿದು ನೋಡಿದರೆ ಎಂಟು ಪಿನ್ನುಗಳಲ್ಲಿ ಮೂರರ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಒಂದು ಪಿನ್ನಂತೂ ಬೆರಳು ತಾಗಿದೊಡನೆ ಪುಡಿಯಾಗಿ ಉದುರಿತು. ಕಡಲಿನ ಉಪ್ಪುಗಾಳಿ ಬೀಸುವ ಜಾಗಗಳಲ್ಲಿ, ಅದರಲ್ಲಿಯೂ ಐಸಿನ ತೇವ ಸದಾ ಇರುವ ಕಟ್ಟಡದಲ್ಲಿ, ಚಿನ್ನದ ಲೇಪ ತೆಳುವಾಗಿರುವ ಅಗ್ಗದ ಜಾಕುಗಳು ಹೆಚ್ಚು ಕಾಲ ಬಾಳುವುದಿಲ್ಲ. ಆ ಜಾಕ್ ಬದಲಿಸಿದ ಮೇಲೆ ಸ್ಪೀಡ್ 1000ಕ್ಕೆ ಏರಿತು.

ಎರಡನೆಯ ಹೆಜ್ಜೆ: ವಿಳಾಸ ಮತ್ತು ದಾರಿ

ತಂತಿ ಸರಿಯಿದ್ದರೂ ಐಪಿ ವಿಳಾಸ ಹೋಗಬಹುದು. ಒಟ್ಟಿಗೆ ಮೂರನ್ನೂ ಕೇಳಿಸಿಕೊಳ್ಳಲು:

ಐಪಿ -4 -ಟಿಎಸ್ ಮಾನಿಟರ್ ಲೇಬಲ್ ಲಿಂಕ್ ಅಡ್ರೆಸ್ ರೂಟ್

ಇಲ್ಲಿನ ರೂಟ್ ಎಂದರೆ ದಾರಿ, ಅಧಿಕಾರದ ರೂಟ್ ಅಲ್ಲ. ಲೇಬಲ್ ಎಂಬುದು ಪ್ರತಿ ಸಾಲಿನ ಮೊದಲಿಗೆ ಇದು ಲಿಂಕಿನ ಸುದ್ದಿಯೋ, ವಿಳಾಸದ್ದೋ, ದಾರಿಯದ್ದೋ ಎಂಬ ಗುರುತನ್ನು ಹಾಕುತ್ತದೆ. -4 ಎಂದು ಕೊಟ್ಟದ್ದು ಐಪಿವಿ4ಕ್ಕೆ ಸಂಬಂಧಿಸಿದ್ದನ್ನು ಮಾತ್ರ ನೋಡಲು. ಐಪಿವಿ6 ಇರುವ ನೆಟ್‌ವರ್ಕಿನಲ್ಲಿ ರೂಟರ್ ಆಗಾಗ ಕಳಿಸುವ ಪ್ರಕಟಣೆಗಳಿಂದ ವಿಳಾಸ ಮತ್ತು ದಾರಿಗಳ ಆಯುಸ್ಸು ನವೀಕರಣಗೊಳ್ಳುತ್ತಲೇ ಇದ್ದು, ಮುಖ್ಯ ಸುದ್ದಿ ಆ ಸಾಲುಗಳ ನಡುವೆ ಮುಳುಗಿಹೋಗಬಹುದು. ಐಪಿವಿ6ನ ತೊಂದರೆಯನ್ನೇ ಹುಡುಕುವವರು -6 ಎಂದು ಕೊಟ್ಟು ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು.

ಸಾಲು ಡಿಲೀಟೆಡ್ ಎಂಬ ಪದದಿಂದ ಶುರುವಾದರೆ ಅದು ಅಳಿಸಿಹೋದದ್ದರ ಸುದ್ದಿ. ಅದಿಲ್ಲದಿದ್ದರೆ ಹೊಸದಾಗಿ ಸೇರಿದ್ದು ಅಥವಾ ಬದಲಾದದ್ದು. ವಿಳಾಸದ ಸಾಲು 169.254 ಎಂದು ಶುರುವಾಗುವ ಸಂಖ್ಯೆಯನ್ನು ತೋರಿಸಿದರೆ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಗದೆ ಯಂತ್ರ ತಾನೇ ಒಂದನ್ನು ಹಚ್ಚಿಕೊಂಡಿದೆ ಎಂದು ತಿಳಿಯಿರಿ. ದಾರಿಯ ಸಾಲಿನಲ್ಲಿ ಡೀಫಾಲ್ಟ್ ವಯಾ 192.168.1.1 ಎಂಬಂಥದ್ದು ಡಿಲೀಟೆಡ್ ಜೊತೆಗೆ ಬಂದರೆ ಹೊರಜಗತ್ತಿಗೆ ಹೋಗುವ ದಾರಿ ಅಳಿಸಿದೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕಾರ್ಡನ್ನೇ ಕಮಾಂಡ್ ಕೊಟ್ಟು ನಿಲ್ಲಿಸಿದಾಗ ಅದರ ಐಪಿವಿ4 ದಾರಿಗಳೆಲ್ಲ ಅಳಿಸಿಹೋಗುತ್ತವೆ, ಆದರೆ ಕರ್ನಲ್ ಆ ಅಳಿಸುವಿಕೆಯನ್ನು ಒಂದೊಂದಾಗಿ ಸಾರುವುದಿಲ್ಲ. ಲಿಂಕ್ ನಿಂತಿತು ಎಂಬ ಸುದ್ದಿಯಿಂದಲೇ ಉಳಿದದ್ದನ್ನು ಅರ್ಥ ಮಾಡಿಕೊಳ್ಳಬೇಕೆಂಬುದು ಅದರ ಕ್ರಮ. ಆದ್ದರಿಂದ ರೂಟ್ ಒಂದನ್ನೇ ಗಮನಿಸುವ ಸ್ಕ್ರಿಪ್ಟ್ ಬರೆದವರು ಮೋಸ ಹೋಗುತ್ತಾರೆ. ಲಿಂಕನ್ನು ಬಿಟ್ಟು ರೂಟನ್ನು ಎಂದೂ ಒಂಟಿಯಾಗಿ ನೋಡಬೇಡಿ.

ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಕಾರ್ಯಕ್ರಮ ಇರುವ ಯಂತ್ರಗಳಲ್ಲಿ ಎನ್ಎಂಸಿಎಲ್ಐ ಮಾನಿಟರ್ ಎಂಬ ಇನ್ನೊಂದು ಕಮಾಂಡ್ ಇದೆ. ಕನೆಕ್ಟೆಡ್, ಡಿಸ್ಕನೆಕ್ಟೆಡ್ ಎಂದು ಓದಲು ಸುಲಭವಾದ ಮಾತುಗಳಲ್ಲಿ ಅದು ಹೇಳುತ್ತದೆ, ಆದರೆ ನಾನು ಅದನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ. ಕಾರಣ ಇಷ್ಟೆ: ತಂತಿಯ ಜೀವ ಹೋದೊಡನೆ ನೆಟ್‌ವರ್ಕ್‌ಮ್ಯಾನೇಜರ್ ಕೈಚೆಲ್ಲುವುದಿಲ್ಲ, ಸಾಮಾನ್ಯವಾಗಿ 6 ಸೆಕೆಂಡು ಕಾದು ನೋಡುತ್ತದೆ. ಅಷ್ಟರೊಳಗೆ ತಂತಿ ಮತ್ತೆ ಬದುಕಿದರೆ ಅದರ ಮಟ್ಟಿಗೆ ಸಂಪರ್ಕ ತಪ್ಪಲೇ ಇಲ್ಲ. ಮೇಲೆ ಹೇಳಿದ ಮೂರು ಸೆಕೆಂಡಿನ ಜೋಡಿಗಳಲ್ಲಿ ಒಂದೂ ಅದರಲ್ಲಿ ಕಾಣಿಸಿಕೊಳ್ಳದೆ ಇದ್ದದ್ದು ಇದರಿಂದಲೇ.

ಮೂರನೆಯ ಹೆಜ್ಜೆ: ರೂಟರ್ ಮತ್ತು ಅದರಾಚೆ

ಲಿಂಕ್ ಇದೆ, ವಿಳಾಸ ಇದೆ, ದಾರಿಯೂ ಇದೆ, ಆದರೂ ಪುಟ ತೆರೆಯುತ್ತಿಲ್ಲ ಎಂದಾದರೆ ರೂಟರನ್ನು ನೋಡಬೇಕು.

ಐಪಿ -ಟಿಎಸ್ ಮಾನಿಟರ್ ಎನ್‌ಇಐಜಿಎಚ್

ಅಕ್ಕಪಕ್ಕದ ಯಂತ್ರಗಳ ಬಗ್ಗೆ ಕರ್ನಲ್‌ಗೆ ಇರುವ ತಿಳಿವಳಿಕೆ ಬದಲಾದಾಗಲೆಲ್ಲ ಇದು ತಿಳಿಸುತ್ತದೆ. ರೂಟರಿನ ವಿಳಾಸ ಇರುವ ಸಾಲುಗಳನ್ನು ಮಾತ್ರ ಗಮನಿಸಿ. ರೀಚಬಲ್ ಎಂದರೆ ಈಗಷ್ಟೇ ಉತ್ತರ ಬಂದಿದೆ. ಸ್ಟೇಲ್ ಎಂಬುದನ್ನು ನೋಡಿ ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಮಾತುಕತೆ ಇರಲಿಲ್ಲ ಎಂದಷ್ಟೇ ಅದರ ಅರ್ಥ. ಪ್ರೋಬ್ ಎಂದರೆ ಕರ್ನಲ್ ರೂಟರನ್ನು ಕರೆದು ಉತ್ತರಕ್ಕೆ ಕಾಯುತ್ತಿದೆ. ಫೇಲ್ಡ್ ಎಂದು ಬಂದರೆ ಕರೆದು ಕರೆದು ಉತ್ತರವೇ ಬರಲಿಲ್ಲ: ಲೋವರ್_ಅಪ್ ಇದ್ದು ರೂಟರ್ ಮಾತ್ರ ಫೇಲ್ಡ್ ಆಗಿದ್ದರೆ ಸ್ವಿಚ್ಚಿಗೂ ರೂಟರಿಗೂ ನಡುವೆ ಹೋಗಿ ಹುಡುಕಿ.

ರೂಟರಿನಿಂದ ಆಚೆಗಿನದ್ದನ್ನು ಮಾತ್ರ ಐಪಿ ಮಾನಿಟರ್ ಕಾಣಲಾರದು. ಸಿಡಿಲು ಮಳೆಗೆ ತೆಂಗಿನ ಮಡಲು ಬಿದ್ದು ಬೀದಿಯ ಫೈಬರ್ ತುಂಡಾದರೂ ನಿಮ್ಮ ಯಂತ್ರ ಮತ್ತು ರೂಟರಿನ ನಡುವೆ ಏನೂ ಬದಲಾಗುವುದಿಲ್ಲ, ಬದಲಾಗದ್ದಕ್ಕೆ ಸುದ್ದಿಯೂ ಇಲ್ಲ. ಹಾಗಾಗಿ ಇಲ್ಲಿ ಕೇಳಿಸಿಕೊಳ್ಳುವುದನ್ನು ಬಿಟ್ಟು ಕೇಳಲೇಬೇಕಾಗುತ್ತದೆ. ಎರಡು ಟರ್ಮಿನಲ್ ತೆರೆದು, ಒಂದರಲ್ಲಿ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ ವಿಳಾಸಕ್ಕೆ ಪಿಂಗ್ (ಉತ್ತರ ಕೊಡು ಎಂದು ಮತ್ತೆ ಮತ್ತೆ ಕರೆಯುವ ಕಮಾಂಡು) ಬಿಡಿ:

ಪಿಂಗ್ -ಡಿ -ಒ 192.168.1.1

ಪಿಂಗ್ -ಡಿ -ಒ 8.8.8.8

ಇಲ್ಲಿನ ಡಿ ಮತ್ತು ಒ ಎರಡೂ ದೊಡ್ಡಕ್ಷರ. ಡಿ ಪ್ರತಿ ಸಾಲಿಗೂ ಸಮಯವನ್ನು ಸೇರಿಸುತ್ತದೆ, ಒ ಉತ್ತರ ಬರದಿದ್ದನ್ನೂ ಒಂದು ಸಾಲಾಗಿ ಬರೆಯುತ್ತದೆ. ಒ ಇಲ್ಲದಿದ್ದರೆ ಪಿಂಗ್ ಸುಮ್ಮನಿರುತ್ತದೆಯೇ ಹೊರತು ತಪ್ಪಿದ್ದನ್ನು ಆಗಿಂದಾಗ್ಗೆ ಹೇಳುವುದಿಲ್ಲ. ಸಮಯ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರುತ್ತದೆ. ಅದನ್ನು ನಮ್ಮ ಗಡಿಯಾರದ ಹೊತ್ತಾಗಿ ಬದಲಿಸಲು ಡೇಟ್ -ಡಿ ಎಂದು ಸಣ್ಣಕ್ಷರದಲ್ಲಿ ಬರೆದು, ಜಾಗ ಬಿಟ್ಟು @ ಚಿಹ್ನೆಯ ಜೊತೆಗೆ ಆ ಸಂಖ್ಯೆಯನ್ನು ಕೊಡಿ. ಮೊದಲನೆಯದು ಉತ್ತರಿಸುತ್ತಾ ಇದ್ದು ಎರಡನೆಯದು ಮಾತ್ರ ನಿಂತ ಹೊತ್ತು ಇದೆಯಲ್ಲ, ಅದೇ ಇಂಟರ್ನೆಟ್ ಕೊಟ್ಟವರ ಮುಂದೆ ಇಡಬೇಕಾದ ಹೊತ್ತು.

ವೈಫೈನಲ್ಲಿರುವವರು ಇವುಗಳ ಜೊತೆಗೆ ಐಡಬ್ಲ್ಯೂ ಈವೆಂಟ್ -ಟಿ ಎಂಬ ಕಮಾಂಡನ್ನು ಓಡಿಸಿದರೆ ಸಂಪರ್ಕ ಕೂಡಿದ್ದು, ಬಿಟ್ಟದ್ದು ಸಮಯಸಹಿತ ಬರುತ್ತದೆ. ಯುಎಸ್‌ಬಿ ಡಾಂಗಲ್ ಬಳಸುವವರಿಗೆ ಯುಡೆವ್‌ಆಡ್ಮ್ ಮಾನಿಟರ್ ಕೂಡ ಬೇಕಾಗುತ್ತದೆ, ಏಕೆಂದರೆ ಕೆಲವೊಮ್ಮೆ ಸಿಗ್ನಲ್ ಅಲ್ಲ, ಡಾಂಗಲ್ಲೇ ಯಂತ್ರದ ಕಣ್ಣಿನಿಂದ ಮರೆಯಾಗಿರುತ್ತದೆ.

ನಾಲ್ಕನೆಯ ಹೆಜ್ಜೆ: ಹಗಲಿರುಳು ಬರೆದಿಡುವುದು

ತೊಂದರೆ ಬರುವ ಹೊತ್ತಿಗೆ ಪರದೆಯ ಮುಂದೆ ಯಾರೂ ಇರುವುದಿಲ್ಲ, ಆದ್ದರಿಂದ ಮಾನಿಟರನ್ನು ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಸರ್ವಿಸ್ ಆಗಿ ಓಡಿಸಬೇಕು. ಮೊದಲು ಕಮಾಂಡ್ -ವಿ ಐಪಿ ಎಂದು ಕೊಟ್ಟು ಐಪಿ ಎಂಬುದು ನಿಮ್ಮ ಯಂತ್ರದಲ್ಲಿ ಯಾವ ಫೋಲ್ಡರಿನಲ್ಲಿದೆ ಎಂದು ತಿಳಿದು, ಕೆಳಗಿನ ಕಡತದಲ್ಲಿ ಐಪಿಯ ಜಾಗವನ್ನು ಅದರಂತೆಯೇ ಬರೆಯಿರಿ. ಆಮೇಲೆ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಎಂಬ ಫೋಲ್ಡರಿನಲ್ಲಿ ನೆಟ್‌ನೋಟ.ಸರ್ವಿಸ್ ಎಂಬ ಕಡತವನ್ನು ರೂಟ್ ಅಧಿಕಾರದಿಂದ ಮಾಡಿ, ಅದರಲ್ಲಿ ಹೀಗೆ ಬರೆಯಿರಿ:

[ಯುನಿಟ್]
ಡಿಸ್ಕ್ರಿಪ್ಷನ್=ನೆಟ್‌ವರ್ಕ್ ಬದಲಾವಣೆಗಳ ದಾಖಲೆ

[ಸರ್ವಿಸ್]
ಎಕ್ಸೆಕ್‌ಸ್ಟಾರ್ಟ್=/ಯುಎಸ್ಆರ್/ಬಿನ್/ಎಸ್‌ಟಿಡಿಬಫ್ -ಒಎಲ್ /ಯುಎಸ್ಆರ್/ಎಸ್‌ಬಿನ್/ಐಪಿ -4 -ಟಿಎಸ್ ಮಾನಿಟರ್ ಲೇಬಲ್ ಲಿಂಕ್ ಅಡ್ರೆಸ್ ರೂಟ್ ಎನ್‌ಇಐಜಿಎಚ್
ರೀಸ್ಟಾರ್ಟ್=ಆಲ್ವೇಸ್

[ಇನ್‌ಸ್ಟಾಲ್]
ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್

ಸಮಾನ ಚಿಹ್ನೆಯ ಎಡಕ್ಕಿರುವ ಪದಗಳಲ್ಲಿ ಪ್ರತಿಯೊಂದು ಭಾಗದ ಮೊದಲಕ್ಷರವೂ, ಚೌಕಾವರಣದೊಳಗಿನ ಹೆಸರುಗಳ ಮೊದಲಕ್ಷರವೂ ದೊಡ್ಡದಿರಬೇಕು. ಎಸ್‌ಟಿಡಿಬಫ್ ಎಂಬುದನ್ನು ಸೇರಿಸಿದ್ದಕ್ಕೆ ಕಾರಣವಿದೆ: ಪರದೆಗೆ ಬರೆಯುವಾಗ ಸಾಲು ಸಾಲಾಗಿ ಹೊರಡುವ ಅಕ್ಷರಗಳು, ಬೇರೆ ಕಾರ್ಯಕ್ರಮಕ್ಕೆ ಹೋಗುವಾಗ ರಾಶಿಯಾಗಿ ಕೂಡಿದ ಮೇಲೆಯೇ ಹೊರಡುವ ಸಂಭವ ಇರುತ್ತದೆ, -ಒಎಲ್ ಎಂದು ಸಣ್ಣ ಒ, ದೊಡ್ಡ ಎಲ್ ಹಾಕಿದರೆ ಪ್ರತಿ ಸಾಲೂ ಆಗಲೇ ಹೊರಡುತ್ತದೆ. ಗ್ರೆಪ್ ಮೂಲಕ ಸೋಸಿ ಕಡತಕ್ಕೆ ಬರೆಯುವವರಿಗೂ ಇದೇ ತೊಡಕು ಎದುರಾಗುತ್ತದೆ, ಅಲ್ಲಿ ಗ್ರೆಪ್‌ಗೆ --ಲೈನ್-ಬಫರ್ಡ್ ಎಂದು ಸೇರಿಸಬೇಕು.

ಬಳಿಕ ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ನೆಟ್‌ನೋಟ ಎಂದು ಕೊಟ್ಟರೆ ಸರ್ವಿಸ್ ಈಗಲೂ ಶುರುವಾಗುತ್ತದೆ, ಯಂತ್ರ ಆರಿ ಹೊತ್ತಿದಾಗಲೂ ಶುರುವಾಗುತ್ತದೆ. ಬೇಕಾದ ದಿನದ ದಾಖಲೆಯನ್ನು ಹೀಗೆ ತೆಗೆಯಬಹುದು:

ಜರ್ನಲ್‌ಸಿಟಿಎಲ್ -ಯು ನೆಟ್‌ನೋಟ --ಸಿನ್ಸ್ ಟುಡೇ

ಯಂತ್ರ ಆರಿದರೂ ಹಳೆಯ ದಾಖಲೆ ಉಳಿಯಬೇಕಾದರೆ /ವಾರ್/ಲಾಗ್/ಜರ್ನಲ್ ಎಂಬ ಫೋಲ್ಡರ್ ಇರಬೇಕು; ಇಲ್ಲದಿದ್ದರೆ ಮಾಡಿಕೊಂಡು ಯಂತ್ರವನ್ನು ಒಮ್ಮೆ ಮರುಪ್ರಾರಂಭಿಸಿ. ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್ ಎಂಬುದು ಯಂತ್ರ ಯಾವಾಗ ಆರಿ ಯಾವಾಗ ಹೊತ್ತಿತು ಎಂಬುದನ್ನು ತೋರಿಸುತ್ತದೆ. ಕರೆಂಟು ಪದೇ ಪದೇ ಹೋಗುವ ಮಳೆಗಾಲದಲ್ಲಿ ದಾಖಲೆಯ ಖಾಲಿ ಭಾಗವನ್ನು ನೆಟ್ ಹೋದದ್ದೆಂದು ತಪ್ಪು ತಿಳಿಯದಿರಲು ಇದನ್ನು ಪಕ್ಕದಲ್ಲಿಟ್ಟು ಓದಬೇಕು.

ಸರ್ವಿಸ್ ಹಾಕಿದ ದಿನವೇ ಒಂದು ಸಲ ಕೇಬಲ್ ಕಿತ್ತು, ಕೈಗಡಿಯಾರ ನೋಡಿ ಹೊತ್ತು ಬರೆದು, ಹತ್ತು ಸೆಕೆಂಡಿನ ಮೇಲೆ ಚುಚ್ಚಿ, ಆ ಎರಡು ಹೊತ್ತುಗಳೂ ದಾಖಲೆಯಲ್ಲಿ ಇವೆಯೇ ಎಂದು ಪರೀಕ್ಷಿಸಿ. ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಯಂತ್ರದ ಸಮಯ ವಲಯ ಯುಟಿಸಿಯಲ್ಲಿದೆ. ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಎಂದು ಕೊಟ್ಟು ಸರಿಪಡಿಸಿ. ಇಲ್ಲಿ ಏಷ್ಯಾದ ಮತ್ತು ಕೋಲ್ಕತಾದ ಮೊದಲಕ್ಷರಗಳು ದೊಡ್ಡವು.

ಈಗ ದೂರು ಕೊಡಲು ಫೋನು ಮಾಡುವಾಗ ನಾನು ಹೇಳುವುದು ಹೀಗೆ: “ಇವತ್ತು ಬೆಳಿಗ್ಗೆ 8.42ರಿಂದ 8.57ರವರೆಗೆ ರೂಟರ್ ಉತ್ತರಿಸುತ್ತಿತ್ತು, ಕೇಬಲ್ ಒಮ್ಮೆಯೂ ತಪ್ಪಲಿಲ್ಲ, ವಿಳಾಸ ಬದಲಾಗಲಿಲ್ಲ, ಹೊರಗಿನ ಪಿಂಗಿಗೆ ಮಾತ್ರ ಒಂದೂ ಉತ್ತರ ಬರಲಿಲ್ಲ.” ಆಚೆ ಕಡೆಯವರು ರೂಟರನ್ನು ಆರಿಸಿ ಹಾಕಿ ಎಂದು ಹೇಳುವುದನ್ನು ಬಿಟ್ಟು, ಆ ಹೊತ್ತಿನಲ್ಲಿ ತಮ್ಮ ಕಡೆ ಏನಾಗಿತ್ತು ಎಂದು ನೋಡಲು ತೊಡಗುತ್ತಾರೆ.